ನೂರಿಸ್ ಹಾಡ್ಜ್ ಸುಳ್ಳು ಅಂಕಿ ಬರೆಯುವುದಿಲ್ಲ

ಬೆಳಗಿನ ಐದೂ ಮುಕ್ಕಾಲು. ಕೊನ್ಸುಯೆಲೊ ಊರಿನ ಹಳೆ ಸಕ್ಕರೆ ಕಾರ್ಖಾನೆಯ ಹಿಂದಿನ ಬೇಸ್‌ಬಾಲ್ ಮೈದಾನದಲ್ಲಿ ನೂರಿಸ್ ಹಾಡ್ಜ್ ಮಂಡಿಯೂರಿ ಕಲ್ಲು ಆರಿಸುತ್ತಿದ್ದಾರೆ. ಅರವತ್ತೊಂದು ವರ್ಷ, ಬಲಮಂಡಿ ಸರಿಯಾಗಿ ಮಡಚುವುದಿಲ್ಲ. ಆದರೂ ಎರಡನೆಯ ಬೇಸಿನಿಂದ ಮೂರನೆಯ ಬೇಸಿನವರೆಗಿನ ಮಣ್ಣನ್ನು ಅಂಗೈಯಲ್ಲಿ ಸವರಿ ಸವರಿ ನೋಡುತ್ತಾರೆ. ಸಿಕ್ಕ ಕಲ್ಲನ್ನು ಹಳೆ ಎಣ್ಣೆ ಡಬ್ಬಕ್ಕೆ ಹಾಕುತ್ತಾರೆ.

"ಕಲ್ಲಿಗೆ ತಾಗಿ ಚೆಂಡು ಎಗರಿದ್ರೆ ಹುಡುಗ ಬಿಟ್ಟ ಅಂತ ಲೆಕ್ಕ ಆಗುತ್ತೆ. ಕಲ್ಲು ಮಾಡಿದ ತಪ್ಪನ್ನ ಅವನ ಹೆಸರಿಗೆ ಯಾಕೆ ಬರೀಲಿ?" ಎನ್ನುತ್ತಾರೆ.

ಆರು ಗಂಟೆಗೆ ಹುಡುಗರು ಬರುತ್ತಾರೆ. ಇವತ್ತು ಒಂಬತ್ತು ಜನ, ಹನ್ನೆರಡರಿಂದ ಹದಿನಾರರೊಳಗಿನವರು. ಎಲ್ಲರಿಗೂ ಶಾರ್ಟ್‌ಸ್ಟಾಪ್ ಆಗುವ ಆಸೆ. ಎರಡನೆಯ ಮತ್ತು ಮೂರನೆಯ ಬೇಸುಗಳ ನಡುವೆ ನಿಂತು, ನೆಲ ಉಜ್ಜಿಕೊಂಡು ಬರುವ ಚೆಂಡನ್ನು ಬಾಚಿ ಮೊದಲ ಬೇಸಿಗೆ ಎಸೆಯುವ ಜಾಗ ಅದು. ನೂರಿಸ್ ಅವರ ತಮ್ಮ ರೋಲಂದೊ ತೆಳು ಬ್ಯಾಟಿನಿಂದ ಚೆಂಡು ಹೊಡೆಯುತ್ತಾನೆ. ಒಬ್ಬೊಬ್ಬ ಹುಡುಗನಿಗೂ ಐವತ್ತು ಚೆಂಡು. ಚೆಂಡು ಗ್ಲೌಸಿಗೆ ಬಿದ್ದ ಕ್ಷಣದಿಂದ ಕೈ ಬಿಟ್ಟು ಹೋಗುವ ಕ್ಷಣದವರೆಗಿನ ಸಮಯವನ್ನು ನೂರಿಸ್ ಸ್ಟಾಪ್‌ವಾಚಿನಲ್ಲಿ ಹಿಡಿದು ನೋಟ್‌ಬುಕ್ಕಿಗೆ ಇಳಿಸುತ್ತಾರೆ.

"ದೋನ್ಯಾ, ನಿಮ್ಮ ಗಡಿಯಾರಕ್ಕೆ ನಿದ್ದೆ ಬಂದಂಗಿದೆ. ಇದೊಂದು ಬಿಟ್ಬಿಡಿ!" ಎಂದು ಒಬ್ಬ ಕೂಗುತ್ತಾನೆ. ದೋನ್ಯಾ ಎಂದರೆ ಇಲ್ಲಿ ಅಮ್ಮಾವ್ರೇ ಎಂದ ಹಾಗೆ.

"ಗಡಿಯಾರಕ್ಕಲ್ಲ ಮಗಾ, ನಿನ್ನ ಕಾಲಿಗೆ ಬಂದಿರೋದು. ಇದು ಹತ್ತೊಂಬತ್ತನೇದು. ಸರಿಯಾಗಿ ನಿಲ್ಲು."

ಸಮಯದ ಪಕ್ಕದಲ್ಲಿ ಇನ್ನೂ ಮೂರು ಸಾಲು ಇವೆ. ಮೊದಲ ಹೆಜ್ಜೆ ಯಾವ ಕಡೆಗೆ ಬಿತ್ತು. ಎಸೆದ ಚೆಂಡು ಎದೆಗೆ ಬಂತೋ, ಮೊಣಕಾಲಿಗೆ ಬಂತೋ. ಮೂರನೆಯದು ಬೇರೆ ಯಾರೂ ಬರೆಯದ ಸಾಲು. ಒಂದು ಚೆಂಡು ಬಿಟ್ಟ ಮೇಲೆ ಹುಡುಗ ಅದರ ಮುಂದಿನದನ್ನು ಹೇಗೆ ಹಿಡಿದ? ತಿಂಗಳ ಮೊದಲ ಭಾನುವಾರ ಎಲ್ಲರನ್ನೂ ಗೋಡೆಗೆ ನಿಲ್ಲಿಸಿ ಎತ್ತರ ಅಳೆಯುತ್ತಾರೆ, ಪಾದ ಅಳೆಯುತ್ತಾರೆ. "ಒಂದ್ಸಲದ ಅಂಕಿ ನಂಬಬಾರ್ದು. ನನ್ನ ಬೆರಳೂ ತಡ ಆಗಬಹುದು, ಹುಡುಗಂಗೂ ಹೊಟ್ಟೆ ಹಸಿದಿರಬಹುದು. ಐವತ್ತು ಸಲ, ನಲವತ್ತು ವಾರ. ಆಮೇಲೆ ಮಾತಾಡು."

ಇಪ್ಪತ್ತಾರು ವರ್ಷಗಳಲ್ಲಿ ನಾನೂರ ಹದಿಮೂರು ಹುಡುಗರನ್ನು ಅವರು ಹೀಗೆ ಅಳೆದಿದ್ದಾರೆ. ಅವರಲ್ಲಿ ಐವತ್ತೆಂಟು ಮಂದಿ ಅಮೆರಿಕದ ಕ್ಲಬ್ಬುಗಳು ಇಲ್ಲಿ ನಡೆಸುವ ತರಬೇತಿ ಅಕಾಡೆಮಿಗಳಿಗೆ ಸೇರಿದ್ದಾರೆ, ನಾಲ್ವರು ಅತಿ ದೊಡ್ಡ ಮೈದಾನಗಳಲ್ಲಿ ಆಡಿದ್ದಾರೆ. ಆ ಕ್ಲಬ್ಬುಗಳ ಯಾವ ಕಾಗದದಲ್ಲೂ ನೂರಿಸ್ ಹಾಡ್ಜ್ ಎಂಬ ಹೆಸರಿಲ್ಲ.

ಅವರ ಅಪ್ಪ ಕಬ್ಬು ಕಡಿಯುತ್ತಿದ್ದವರು. ಬಂಡಿಯ ಹಿಂದೆ ತೂಕದ ಕಟ್ಟೆಯವರೆಗೆ ನಡೆದುಹೋಗುವ ಅಪ್ಪನ ಜೊತೆ ಚಿಕ್ಕ ನೂರಿಸ್ ಕೂಡ ಹೋಗುತ್ತಿದ್ದರು. "ಮುಳ್ಳು ಎಲ್ಲಿ ನಿಂತಿದೆ ಅಂತ ಅಪ್ಪಂಗೆ ಕಾಣ್ತಿತ್ತು. ತೂಗೋನು ಬೇರೆ ಏನೋ ಬರೀತಿದ್ದ. ಕೇಳಿದ್ರೆ ನಾಳೆ ಕೆಲಸ ಇಲ್ಲ. ಅಪ್ಪ ತಲೆ ತಗ್ಗಿಸ್ಕೊಂಡು ವಾಪಸ್ ಬರೋರು. ಆ ತಲೆನ ನಾನು ಇವತ್ತಿಗೂ ಮರೆತಿಲ್ಲ," ಎನ್ನುತ್ತಾರೆ. ದೊಡ್ಡವರಾದ ಮೇಲೆ ಕಾರ್ಖಾನೆಯ ಹೆಂಗಸರ ಸಾಫ್ಟ್‌ಬಾಲ್ ತಂಡದಲ್ಲಿ ಹನ್ನೊಂದು ವರ್ಷ ಶಾರ್ಟ್‌ಸ್ಟಾಪ್ ಆಗಿ ಆಡಿದರು. ಮಂಡಿ ಮುರಿದು ಆಟ ನಿಂತಾಗ ಶಾಲೆಯ ವ್ಯಾಯಾಮ ಮೇಷ್ಟ್ರ ಹತ್ತಿರ ಸ್ಟಾಪ್‌ವಾಚ್ ಎರವಲು ತಂದು ಈ ಮೈದಾನದ ಅಂಚಿನಲ್ಲಿ ಕೂತರು.

ಅಂಕಿಗಳು ಚೆನ್ನಾಗಿವೆ ಎಂಬ ಸುದ್ದಿ ಹಬ್ಬಿದಾಗ ರಾಮಿರೊ ಬ್ರಿಟೊ ಬಂದ. ಹುಡುಗರನ್ನು ಹುಡುಕಿ ಕ್ಲಬ್ಬುಗಳಿಗೆ ತೋರಿಸುವುದು ಅವನ ಕೆಲಸ. ಹದಿನೆಂಟು ವರ್ಷ ಆತ ನೂರಿಸ್ ಅವರ ನೋಟ್‌ಬುಕ್ಕುಗಳ ಚಿತ್ರ ತೆಗೆದುಕೊಂಡು ಹೋದ. ಅಕಾಡೆಮಿಗಳಲ್ಲಿ ಅವನಿಗೆ "ಗಿಡುಗನ ಕಣ್ಣು" ಎಂಬ ಹೆಸರು ಬಂತು. ಆ ಕಣ್ಣು ಯಾರದೆಂದು ಒಬ್ಬರೂ ಕೇಳಲಿಲ್ಲ.

ಇನ್ನು ಅವರ ಹುಡುಗರಲ್ಲೊಬ್ಬನಾದ ಯೇರಿ ಫೊರ್ಟೂನನ ಸಂಗತಿ. ವರದಿಗಾರನಾದ ನನಗೆ ಇದನ್ನು ಬರೆಯುವಾಗಲೂ ಸಿಟ್ಟು ಬರುತ್ತದೆ.

ಹದಿಮೂರನೆಯ ವಯಸ್ಸಿಗೆ ಯೇರಿ ಚೆಂಡನ್ನು ಗ್ಲೌಸಿನಿಂದ ತೆಗೆದು ಎಸೆಯಲು ತೆಗೆದುಕೊಳ್ಳುತ್ತಿದ್ದುದು ಸೆಕೆಂಡಿನ ಹತ್ತರಲ್ಲಿ ಎಂಟು ಭಾಗ. ಆ ವಯಸ್ಸಿಗೆ ಅದು ಅಪರೂಪ. ಒಂದು ಕ್ಲಬ್ಬು ಬಾಯಿಮಾತಿನಲ್ಲಿ ಅವನನ್ನು ಕಾದಿರಿಸಿತು. ಕ್ಲಬ್ಬಿನ ಹೆಸರು ಹಾಕಲು ನಮ್ಮ ಸಂಪಾದಕರು ಒಪ್ಪುತ್ತಿಲ್ಲ. ಮುಂದಿನ ಒಂಬತ್ತು ತಿಂಗಳಲ್ಲಿ ಯೇರಿ ನಾಲ್ಕೂವರೆ ಇಂಚು ಬೆಳೆದ. ಕಾಲು ಉದ್ದವಾಯಿತು, ಹೆಜ್ಜೆ ತಡವಾಯಿತು, ಎಂಟು ಇದ್ದದ್ದು ಹನ್ನೊಂದಾಯಿತು. ಆ ಸಮಯದಲ್ಲೇ ಕ್ಲಬ್ಬು ಅವನನ್ನು ಪರೀಕ್ಷೆಗೆ ಕರೆಯಿತು. ಎಂಟು ಕ್ಯಾಮೆರಾ, ಒಂದು ಬೆಳಗ್ಗೆ, ಇಪ್ಪತ್ತು ಚೆಂಡು. ಯೇರಿ ನಾಲ್ಕನ್ನು ಬಿಟ್ಟ. ಮಧ್ಯಾಹ್ನದ ಊಟಕ್ಕೂ ಕೂರಿಸದೆ ಅವನನ್ನು ಮನೆಗೆ ಕಳಿಸಿದರು.

ಮರುದಿನ ನೂರಿಸ್ ನೋಟ್‌ಬುಕ್ ಹಿಡಿದು ಆ ಕ್ಲಬ್ಬಿನ ಅಕಾಡೆಮಿಗೆ ಹೋದರು. ಬಿಸಿಲಲ್ಲಿ ಎರಡು ಗಂಟೆ ನಿಲ್ಲಿಸಿದ ಮೇಲೆ ಒಬ್ಬ ತರುಣ ಅಧಿಕಾರಿ ಹೊರಗೆ ಬಂದ.

"ಅಮ್ಮಾ, ನಮ್ಮ ಹತ್ರ ಕ್ಯಾಮೆರಾ ಇದೆ," ಎಂದ.

"ಕ್ಯಾಮೆರಾ ನೋಡಿದ್ದು ನಿನ್ನೆ ಒಂದಿನ ಕಣಪ್ಪಾ. ಎರಡು ವರ್ಷದಿಂದ ನೋಡ್ತಿರೋದು ನಾನು. ಹುಡುಗನ ಮೂಳೆ ಬೆಳೀತಿದೆ, ಕಾಲು ಇನ್ನೂ ಲೆಕ್ಕ ಹಿಡೀಬೇಕು. ಬೇರೆ ಆರು ಹುಡುಗರಿಗೆ ಹಿಂಗೇ ಆಗಿತ್ತು, ಎಲ್ಲಾ ಇಲ್ಲಿ ಬರ್ದಿದೆ. ಐದು ನಿಮಿಷ ನೋಡು."

ಆತ ನೋಟ್‌ಬುಕ್ ಮುಟ್ಟಲಿಲ್ಲ. "ಬಿಸಿಲು ಜಾಸ್ತಿ ಇದೆ, ಮನೆಗೆ ಹೋಗಿ," ಎಂದು ಒಳಗೆ ಹೋದ. ಅಳೆಯುವುದೇ ಕಸುಬಾದವರು, ಅಳೆದಿಟ್ಟ ಎರಡು ವರ್ಷವನ್ನು ತೆರೆದು ನೋಡಲಿಲ್ಲ!

ಆ ವಾರವೇ ರಾಮಿರೊ ಯೇರಿಯ ತಾಯಿ ಮಿರೇಯಾಳ ಮನೆಗೆ ಒಂದು ಪೊಟ್ಟಣ ತಂದ. ಇನ್ನೊಂದು ಕ್ಲಬ್ಬು ಮೂರು ವಾರದಲ್ಲಿ ಹುಡುಗನನ್ನು ನೋಡುತ್ತದೆ, ಅಷ್ಟರೊಳಗೆ ಆರು ಸೂಜಿ ಚುಚ್ಚಿದರೆ ಕಾಲಿಗೆ ಬಲ ಬರುತ್ತದೆ ಎಂದ. ಮಿರೇಯಾ ಬಸ್ ನಿಲ್ದಾಣದಲ್ಲಿ ಕರಿದ ರೊಟ್ಟಿ ಮಾರುವವಳು. ಏನೂ ತೋಚದೆ ನೂರಿಸ್‌ಗೆ ಹೇಳಿ ಕಳಿಸಿದಳು. ರಾಮಿರೊ ಇನ್ನೂ ಅಲ್ಲೇ ಕೂತಿರುವಾಗ ನೂರಿಸ್ ಬಂದು, ಪೊಟ್ಟಣ ಬಿಚ್ಚಿ ಸೀಸೆಯ ಮೇಲಿನ ಚೀಟಿ ಓದಿದರು. ಅದರಲ್ಲಿ ಕುದುರೆಯ ಚಿತ್ರ ಇತ್ತು.

"ಇದನ್ನ ನಿನ್ನ ಮಗಂಗೆ ಚುಚ್ತೀಯಾ ರಾಮಿರೊ?"

"ನನ್ನ ಮಗ ಆಟಗಾರ ಅಲ್ಲ ದೋನ್ಯಾ."

"ಹಂಗಾದ್ರೆ ಎದ್ದು ಹೋಗು. ಇನ್ಮೇಲೆ ನನ್ನ ಮೈದಾನಕ್ಕೂ ಕಾಲಿಡಬೇಡ."

ಮಿರೇಯಾ ಬಾಗಿಲಲ್ಲಿ ನಿಂತು ಅತ್ತಳು. "ಅವನನ್ನ ಓಡಿಸಿಬಿಟ್ರಲ್ಲ, ಈಗ ಯಾರು ತೋರಿಸ್ತಾರೆ ನನ್ನ ಮಗನ್ನ? ಬೇರೆ ಹುಡುಗರೆಲ್ಲ ಸೇರ್ಕೊಂಡಾಯ್ತು. ಕಾಯು ಅಂತೀರಿ. ಎಷ್ಟು ದಿನ?"

"ಒಂದು ವರ್ಷ ಕೊಡವ್ವಾ. ಅಂಕಿ ವಾಪಸ್ ಬರ್ಲಿಲ್ಲ ಅಂದ್ರೆ ನಾನೇ ಬಂದು ಹೇಳ್ತೀನಿ, ಇವನ ಕೈಯಲ್ಲಾಗಲ್ಲ ಅಂತ. ಸುಳ್ಳು ಆಸೆ ಹುಟ್ಟಿಸಲ್ಲ."

ಪೊಟ್ಟಣದ ಬಗ್ಗೆ ಕೇಳಲು ಮೊನ್ನೆ ನಾನು ರಾಮಿರೊಗೆ ಫೋನ್ ಮಾಡಿದೆ. "ವಿಟಮಿನ್ ಕಣ್ರೀ. ಎಲ್ರೂ ಕೊಡ್ತಾರೆ," ಎಂದ. ಅವನ ದನಿಯಲ್ಲಿ ಅಳುಕು ಇರಲಿಲ್ಲ.

ಆ ವರ್ಷ ಸುಲಭದ್ದಾಗಿರಲಿಲ್ಲ. ನಾಲ್ಕು ತಿಂಗಳು ಅಂಕಿ ಹನ್ನೊಂದರಲ್ಲೇ ಕಚ್ಚಿಕೊಂಡಿತು. ಯೇರಿ ಒಂದು ದಿನ ಗ್ಲೌಸ್ ಎಸೆದು ಕಬ್ಬಿನ ಗದ್ದೆಯ ಕಡೆ ನಡೆದುಬಿಟ್ಟ. ನೂರಿಸ್ ಅವನ ಹಿಂದೆ ಹೋಗಲಿಲ್ಲ. ಮಾರನೆಯ ದಿನ ಬಂದಾಗ ನೋಟ್‌ಬುಕ್ಕಿನ ಒಂದು ಪುಟ ತೆರೆದು ತೋರಿಸಿದರು. ತಪ್ಪಾದ ಮೇಲಿನ ಚೆಂಡುಗಳ ಸಾಲು ಅದು. ಬಿಟ್ಟ ಚೆಂಡಿನ ಬೆನ್ನಿಗೆ ಬಂದ ನೂರರಲ್ಲಿ ತೊಂಬತ್ತೊಂದನ್ನು ಅವನು ಹಿಡಿದಿದ್ದ. "ಕಾಲು ಬರುತ್ತೆ ಮಗಾ. ಇದನ್ನ ನಾನು ಯಾರಿಗೂ ಕಲಿಸಕ್ಕಾಗಲ್ಲ. ಇದು ನಿನ್ನ ಹತ್ರ ಇದೆ," ಎಂದರು. ಏಳನೆಯ ತಿಂಗಳಿಂದ ಅಂಕಿ ಇಳಿಯತೊಡಗಿತು. ಹತ್ತು, ಒಂಬತ್ತು, ಎಂಟು. ವರ್ಷ ತುಂಬುವ ಹೊತ್ತಿಗೆ ಏಳೂವರೆ. ಈ ಬಾರಿ ಎತ್ತರದ ಹುಡುಗ, ಬಲವಾದ ತೋಳು.

ಕಳೆದ ಜನವರಿಯಲ್ಲಿ ಬೇರೊಂದು ಕ್ಲಬ್ಬು ಯೇರಿಯನ್ನು ಸೇರಿಸಿಕೊಂಡಿತು. ಅವನನ್ನು ಆ ಕ್ಲಬ್ಬಿನ ಮುಂದೆ ಕರೆದುಕೊಂಡು ಹೋದವನು ಯಾರು? ರಾಮಿರೊ ಬ್ರಿಟೊ! ಹುಡುಗ ಚೇತರಿಸಿಕೊಂಡನೆಂದು ತಿಳಿದದ್ದೇ ಮಿರೇಯಾಳ ಮನೆಗೆ ಮತ್ತೆ ಬಂದ. ಕ್ಲಬ್ಬಿನ ಬಾಗಿಲು ತೆರೆಸುವ ಗುರುತು ಪರಿಚಯ ಇದ್ದದ್ದು ಅವನೊಬ್ಬನಿಗೆ. ಸಮಾರಂಭದ ಫೋಟೋದಲ್ಲಿ ಐವರು ಗಂಡಸರು ಇದ್ದಾರೆ. ಮರುದಿನ ಇದೇ ಪತ್ರಿಕೆಯಲ್ಲಿ "ಗಿಡುಗನ ಕಣ್ಣಿಗೆ ಬಿದ್ದ ಮತ್ತೊಂದು ರತ್ನ" ಎಂಬ ತಲೆಬರಹ ಬಂತು. ಅದನ್ನು ಬರೆದವನು ನಾನು. ರಾಮಿರೊ ಹೇಳಿದ್ದನ್ನು ಬರೆದುಕೊಂಡೆ, ಮೈದಾನಕ್ಕೆ ಹೋಗಲಿಲ್ಲ. ಯೇರಿಯೇ ಫೋನ್ ಮಾಡಿ, "ದೋನ್ಯಾ ನೂರಿಸ್ ಹೆಸರು ಎಲ್ಲಿ ಸಾರ್?" ಎಂದು ಕೇಳಿದ ಮೇಲೆ ನಾನು ಕೊನ್ಸುಯೆಲೊಗೆ ಬಂದದ್ದು. ನಾಚಿಕೆಪಡಬೇಕಾದವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ.

ಕ್ಷಮೆ ಕೇಳಿದೆ. ನೂರಿಸ್ ನನಗೆ ಕಾಫಿ ಬಗ್ಗಿಸಿ ಕೊಟ್ಟರು, ಜೊತೆಗೆ ಅರೆದ ಬಾಳೆಕಾಯಿ ಮತ್ತು ಹುರಿದ ಚೀಸು. ಫೋಟೋದ ಮಾತು ಎತ್ತಿದರೆ ಅವರಿಗೆ ಬೇಜಾರು. ಅವರ ಸಿಟ್ಟು ಇರುವುದು ಬೇರೆ ಕಡೆ. ಕ್ಯಾಮೆರಾಗಳು ತೆಗೆದ ಅಳತೆಯನ್ನು ಅಕಾಡೆಮಿಗಳು ಹುಡುಗರಿಗೆ ಕೊಡುವುದಿಲ್ಲ. ಬೇಡವೆಂದು ಕಳಿಸಿದ ಹುಡುಗನಿಗೆ ತಾನು ಯಾಕೆ ಬೇಡವಾದೆನೆಂದು ತಿಳಿಯುವುದೇ ಇಲ್ಲ. ಈ ಊರಿನಲ್ಲಿ ಅಂಥ ಹುಡುಗರು ಬೀದಿಗೊಬ್ಬರು ಇದ್ದಾರೆ, ಬಾಡಿಗೆ ಮೋಟಾರ್‌ಬೈಕಿನಲ್ಲಿ ಜನರನ್ನು ಕೂರಿಸಿ ಒಯ್ಯುತ್ತ, ಕಾರಣ ಗೊತ್ತಿಲ್ಲದೆ ತಮ್ಮನ್ನೇ ಬೈದುಕೊಳ್ಳುತ್ತ.

"ಕಾಲು ಅವನದು, ಕೈ ಅವನದು, ಬೆವರು ಅವನದು. ಅಂಕಿ ಮಾತ್ರ ಅವರದಾ? ಇದು ಯಾವ ನ್ಯಾಯ?" ಎಂದು ಮೇಜು ಕುಟ್ಟುತ್ತಾರೆ. ಕಾಫಿ ಲೋಟ ಅಲುಗುತ್ತದೆ.

ನಿಮಗೇನು ಬೇಕು ಎಂದು ಕೇಳುತ್ತೇನೆ.

"ನನ್ನ ಹೆಸರು ಹಾಕ್ಲೇಬೇಕು ಅಂತೇನಿಲ್ಲಪ್ಪಾ. ಹುಡುಗನ್ನ ವಾಪಸ್ ಕಳಿಸ್ತಾರಲ್ಲ, ಅವತ್ತು ಅವನ ತಾಯಿನ ಒಳಗೆ ಕರೀಲಿ. ಕುರ್ಚಿ ಹಾಕಿ ಕೂರಿಸ್ಲಿ. ನಿಮ್ಮ ಮಗ ಇಷ್ಟು ಓಡಿದ, ಇಷ್ಟು ಹಿಡಿದ, ಇದಕ್ಕೆ ಬೇಡ ಅಂದ್ವಿ ಅಂತ ಓದಿ ಹೇಳಿ, ಆ ಹಾಳೆ ಅವಳ ಕೈಗೆ ಕೊಡ್ಲಿ. ಓದಕ್ಕೆ ಬರಲ್ಲ ಅಂದ್ರೆ ನನ್ನ ಹತ್ರ ತರ್ಲಿ. ನಾನು ಇನ್ನೂ ಇದ್ದೀನಿ."