ಪೊಲೀಸಪ್ಪ ಮತ್ತು ಹೊಗೆರಾಯ

ಬೀದಿಯವರೆಲ್ಲ ಅವಳನ್ನು ಕತ್ತರಿ ಅಕ್ಕ ಎನ್ನುತ್ತಿದ್ದರು. ಕೊರಳಲ್ಲಿ ಅಳತೆ ಟೇಪಿನ ಜೊತೆ ಕತ್ತರಿಯೂ ನೇತಾಡುತ್ತಿತ್ತು ಎನ್ನುವುದು ಒಂದು ಕಾರಣ. ನಾಲಿಗೆಯೂ ಅಷ್ಟೇ ಹರಿತ ಎನ್ನುವುದು ಇನ್ನೊಂದು. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು, ಪರದೆಗೆ ಅಂಚು ಹೊಡೆಯುವುದು ಅವಳ ಕೆಲಸ. ಅತ್ತೆಯ ಕೋಣೆಯ ಕಿಟಕಿಯಲ್ಲಿ ಒಳ್ಳೆಯ ಬೆಳಕಿದ್ದುದರಿಂದ ಹೊಲಿಗೆ ಮೆಷಿನ್ನು ಅಲ್ಲೇ ಠಿಕಾಣಿ ಹೂಡಿತ್ತು. ಸೊಸೆ ಹೊಲಿಯುವಳು, ಅತ್ತೆ ಮಂಚದ ಮೇಲೆ ಕೂತು ಹಳೆ ಹೊಲಿಗೆ ಬಿಚ್ಚಿಕೊಡುವರು. ಯಾವ ಗಿರಾಕಿಯ ಸೊಂಟ ಎಷ್ಟು ಹಿಗ್ಗಿತು ಎಂದು ಇಬ್ಬರೂ ಸೇರಿ ಆಡಿಕೊಳ್ಳುವರು.

ಚಳಿ ಬಿದ್ದು ಗಾಳಿ ಒಣಗಿದಾಗ ಅತ್ತೆಗೆ ಕೆಮ್ಮು ಹತ್ತಿತು. ಅವರ ಮಗ ಸುಮ್ಮನೆ ಕೂರುವ ಆಸಾಮಿಯಲ್ಲ. ಏರ್ ಪ್ಯೂರಿಫೈಯರ್ ಒಳ್ಳೆಯದೋ ಹ್ಯುಮಿಡಿಫೈಯರ್ ಒಳ್ಳೆಯದೋ ಎಂದು ಅಂಗಡಿಯವನ ತಲೆ ತಿಂದ.

"ಸಾರ್, ಒಂದು ಗಾಳಿಯಿಂದ ಧೂಳು ತೆಗೆಯುತ್ತೆ, ಇನ್ನೊಂದು ಗಾಳಿಗೆ ತೇವ ಕೊಡುತ್ತೆ. ಪೊರಕೆ ಮೇಲೋ ಬಿಂದಿಗೆ ಮೇಲೋ ಅಂತ ಕೇಳಿದ್ರೆ ನಾನೇನು ಹೇಳ್ಲಿ?" ಎಂದನಂತೆ ಅವನು. ಮಗರಾಯ ಎರಡನ್ನೂ ಹೊತ್ತು ತಂದ.

ಅತ್ತೆ ಎರಡಕ್ಕೂ ಹೆಸರಿಟ್ಟರು. ಗಾಳಿ ಚೊಕ್ಕವಿದ್ದರೆ ನೀಲಿ, ಕೆಟ್ಟರೆ ಕೆಂಪು ದೀಪ ತೋರಿಸುವ ಪ್ಯೂರಿಫೈಯರ್ ಪೊಲೀಸಪ್ಪ. ಅದರ ಪಕ್ಕದಲ್ಲಿ ಕೂತು ಬಿಳಿ ಮಂಜು ಉಗುಳುವ ಹ್ಯುಮಿಡಿಫೈಯರ್ ಹೊಗೆರಾಯ. ಹೊಗೆರಾಯನ ಹೊಟ್ಟೆಗೆ ನಲ್ಲಿ ನೀರು ತುಂಬುವ ಕೆಲಸ ಸೊಸೆಯ ಪಾಲಿಗೆ ಬಂತು.

ಪೊಲೀಸಪ್ಪ ಬಂದಾಗಿನಿಂದ ಕೆಂಪಗೇ ಉರಿದ. ಗಂಡ ಕೋಣೆಯಲ್ಲೆಲ್ಲ ಕಣ್ಣಾಡಿಸಿ ಮೆಷಿನ್ನಿನ ಮೇಲೆ ನೋಟ ನೆಟ್ಟ.

"ನೋಡೇ, ಎಲ್ಲಾ ಬಟ್ಟೆ ಧೂಳು. ಅಮ್ಮ ದಿನವಿಡೀ ಇದನ್ನೇ ಉಸಿರಾಡ್ತಾಳೆ."

"ನಿಮ್ಮ ಕಾಲುಚೀಲ ಆಚೆ ಹಾಕಿ ನೋಡಿ. ದೀಪ ಅದಕ್ಕೇ ಹೆದರಿರಬಹುದು."

ಬಾಯಲ್ಲಿ ಹಾಗೆಂದರೂ ಆಮೇಲೆ ಅವಳಿಗೆ ಅತ್ತೆ ಕೆಮ್ಮಿದಾಗಲೆಲ್ಲ ತಾನೇ ಅವರ ಕತ್ತು ಹಿಸುಕುತ್ತಿದ್ದೇನೆ ಅನ್ನಿಸತೊಡಗಿತು. ಮನೆಯಲ್ಲಿ ಮೆಷಿನ್ನಿಗೆ ಬೇರೆ ಜಾಗವಿಲ್ಲ. ಕೊನೆಗೆ ಮನಸ್ಸು ಕಲ್ಲು ಮಾಡಿಕೊಂಡು ತಂಗಿಗೆ ಫೋನು ಮಾಡಿ, "ಭಾನುವಾರ ಬಂದು ಮೆಷಿನ್ ತಗೊಂಡು ಹೋಗು, ನೀನೇ ಇಟ್ಕೋ" ಎಂದಳು. ಕೈಯಲ್ಲಿದ್ದ ಬಟ್ಟೆಗಳನ್ನೆಲ್ಲ ಗಿರಾಕಿಗಳಿಗೆ ಹಿಂದಿರುಗಿಸಿದಳು. ಅತ್ತೆ ಏನೂ ಅನ್ನದೆ ಗೋಡೆ ಕಡೆ ಮುಖ ಮಾಡಿ ಮಲಗಿದರು. ಬೇಡ ಅನ್ನಬಹುದಿತ್ತಲ್ಲ ಎಂದು ಅವಳಿಗೆ ತುಂಬಾ ನೋವಾಯಿತು.

ಭಾನುವಾರ ತಿಂಡಿಯಾದ ಮೇಲೆ ಕೊನೆಯ ಸಲ ಒರೆಸೋಣವೆಂದು ಮೆಷಿನ್ನಿನ ಹತ್ತಿರ ಹೋದಳು. ಕಪ್ಪು ಮೈಮೇಲೆ ತೆಳುವಾಗಿ ಬಿಳಿ ಪುಡಿ ಕೂತಿತ್ತು. ಹೊಲಿದು ವಾರವಾದರೂ ಪೊಲೀಸಪ್ಪ ಕೆಂಪಗೇ ಇದ್ದಾನೆ, ಈ ಪುಡಿಯೆಲ್ಲಿಂದ ಬಂತು? ಬಟ್ಟೆಯ ಧೂಳು ಎಳೆಎಳೆಯಾಗಿರುತ್ತದೆ. ಇದನ್ನು ಉಜ್ಜಿದರೆ ಬೆರಳಿಗೆ ಸುಣ್ಣದ ಹಾಗೆ ಹತ್ತಿತು.

ಈ ಪುಡಿಯ ಪರಿಚಯ ಅವಳಿಗಿತ್ತು. ಹಿಂದೊಮ್ಮೆ ಅವಳ ಹಬೆ ಇಸ್ತ್ರಿಪೆಟ್ಟಿಗೆ ಗಿರಾಕಿಯೊಬ್ಬರ ಕಪ್ಪು ಕೋಟಿನ ಮೇಲೆ ಇದನ್ನೇ ಉಗುಳಿ ಮಾನ ಕಳೆದಿತ್ತು. ಅದು ನಲ್ಲಿಯ ಗಡಸು ನೀರಿನ ಕಿತಾಪತಿ, ನೀರು ಆರಿದರೂ ಅದರ ಸುಣ್ಣ ಉಳಿದು ಕೂರುತ್ತದೆ. ಅಂದಿನಿಂದ ಅವಳು ಇಸ್ತ್ರಿಪೆಟ್ಟಿಗೆಗೆ, ಬ್ಯಾಟರಿಗೆ ಹಾಕುವ ಶುದ್ಧ ನೀರನ್ನೇ ಹಾಕುತ್ತಿದ್ದಳು.

ಅವಳು ಮೆಲ್ಲಗೆ ತಿರುಗಿ ಹೊಗೆರಾಯನನ್ನು ನೋಡಿದಳು. ಹೋಗಿ ಸ್ವಿಚ್ಚು ಆರಿಸಿದಳು. ಸ್ವಲ್ಪ ಹೊತ್ತಿಗೆ ಪೊಲೀಸಪ್ಪ ನೀಲಿಗೆ ತಿರುಗಿದ. ಮತ್ತೆ ಹಾಕಿದಳು, ಕೆಂಪಾದ. ಮಂಜಿನ ಜೊತೆ ಪುಡಿ ಉಗುಳುವ ಕಳ್ಳ, ಪೊಲೀಸಪ್ಪನ ಮಗ್ಗುಲಲ್ಲೇ ಕೂತಿದ್ದ; ಅವನಿಗೆ ದಿನಾ ನೀರುಣಿಸಿದವಳು ತಾನೇ. ಮೆಷಿನ್ನು ಉಳಿಯಿತೆಂಬ ಖುಷಿಗಿಂತ ಮೊದಲು ನಾಚಿಕೆ ಮುತ್ತಿತು.

"ಇಸ್ತ್ರಿಪೆಟ್ಟಿಗೆಗೆ ಒಳ್ಳೆ ನೀರು, ನಿಮಗೆ ನಲ್ಲಿ ನೀರು. ನಾನೆಂಥ ಸೊಸೆ ಅತ್ತೆ!" ಎಂದು ಎಲ್ಲವನ್ನೂ ಹೇಳಿಬಿಟ್ಟಳು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಗಂಡ ಚಪ್ಪಲಿ ಮೆಟ್ಟಿಕೊಂಡು ಬ್ಯಾಟರಿ ನೀರು ತರಲು ಹೊರಟ.

ಅತ್ತೆ ಎದ್ದು ಕೂತರು. "ಕೆಮ್ಮು ಬಂದಿದ್ದು ಇವರಿಬ್ಬರೂ ಮನೆಗೆ ಬರೋ ಮುಂಚೆ, ಬಿಡು. ಮೆಷಿನ್ ಹೋಗಲ್ಲ ತಾನೆ?"

"ಹೋಗಲ್ಲ. ನೀವು ಮೊದಲೇ ಯಾಕೆ ಬೇಡ ಅನ್ನಲಿಲ್ಲ?"

"ನನ್ನ ಕೆಮ್ಮಿಗೋಸ್ಕರ ನೀನು ಕೆಲಸಾನೇ ಬಿಡೋಕೆ ಹೊರಟಿದ್ದೆ. ಯಾವ ಬಾಯಲ್ಲಿ ಬೇಡ ಅನ್ನಲಿ? ಈ ವಾರ ಮಧ್ಯಾಹ್ನ ಒಂದು ದಿನಾನೂ ಕಣ್ಣು ಹತ್ತಿಲ್ಲ ಕಣಮ್ಮ. ಆ ಟಕಟಕ ಇಲ್ಲದೆ ಈ ಕೋಣೆ ಆಸ್ಪತ್ರೆ ಥರ ಆಗಿದೆ. ಸ್ವಲ್ಪ ಹೊಲಿ."

ಹೊಲಿಯಲು ಏನಿತ್ತು? ಬಟ್ಟೆಯೆಲ್ಲ ವಾಪಸು ಹೋಗಿತ್ತು. ಕತ್ತರಿ ಅಕ್ಕ ಚಿಂದಿ ಚೀಲದಿಂದ ಒಂದು ತುಂಡು ತೆಗೆದು ಸೂಜಿಯ ಕೆಳಗಿಟ್ಟು ತುಳಿಯತೊಡಗಿದಳು. ಅಂಚು ಮುಟ್ಟಿದಾಗ ತುಂಡನ್ನು ತಿರುಗಿಸಿ ಮತ್ತೆ ಹೊಲಿದಳು. ಮಂಚದ ಕಡೆಯಿಂದ ಸಣ್ಣಗೆ ಗೊರಕೆ ಕೇಳಿಸಿತು.

ಅಷ್ಟರಲ್ಲಿ ಆಚೆ ಗಾಡಿ ನಿಂತು, ತಂಗಿ ಒಳಗೆ ಬಂದಳು. "ಅಕ್ಕಾ, ಮೆಷಿನ್..." ಎಂದವಳಿಗೆ ಕತ್ತರಿ ಅಕ್ಕ ತುಟಿಯ ಮೇಲೆ ಬೆರಳಿಟ್ಟು ಮಂಚದ ಕಡೆ ತೋರಿಸಿದಳು. ಕಾಲು ಮಾತ್ರ ನಿಲ್ಲಿಸಲಿಲ್ಲ.