ಬೆರಕೆ ಎಂದು ಕಿತ್ತ ಪಾಲಕ್

ಹದಿನೈದನೆಯದೋ ಹದಿನಾರನೆಯದೋ ಗಿಡ ಕಿತ್ತು ನಮ್ಮ ಹಿತ್ತಲ ಗೋಡೆಯಾಚೆಯ ಆಡುಗಳಿಗೆ ಎಸೆಯುತ್ತಿದ್ದೆ. ಪಕ್ಕದ ಮನೆಯ ಖಾಲಾ ಗೋಡೆಯ ಮೇಲಿಂದ ಕೂಗಿದಳು.

"ಅರೇ, ಏನ್ ಒಗ್ಯಾಕತ್ತೀ?"

"ಬೆರಕಿ, ಖಾಲಾ. ನಿನ್ನ ಪಾಲಕ್‌ನಾಗ ಭಾಳ ಬೆರಕಿ ಬಂದಾವ. ಎಲ್ಲಾ ತಗದೆ. ಮಡಿ ಹೆಂಗ ಸಾಫ್ ಆಗೈತಿ ನೋಡು."

ಆಕೆ ಮಡಿ ನೋಡಿದಳು. ಆಮೇಲೆ ಆಡುಗಳನ್ನು ನೋಡಿದಳು. ಒಂದರ ಬಾಯಲ್ಲಿ ಕಡ್ಡಿ ಇನ್ನೂ ಅಲ್ಲಾಡುತ್ತಿತ್ತು.

"ಹೌಲೇ, ಹುಚ್ಚಾ! ಅವು ಗಂಡ್ ಗಿಡ. ಗಂಡ್ ಕಿತ್ತು ಆಡಿಗೆ ಹಾಕಿದ್ರ ಬೀಜ ಎಲ್ಲಿಂದ ಬರತಾವ? ನನ್ನ ಬೀಜ ಮುಗಿಸಿಬಿಟ್ಟೆಲ್ಲೋ ಬೇಟಾ."

ನಾನು ನಕ್ಕೆ. ಪಪ್ಪಾಯಿಯಲ್ಲಿ ಗಂಡು ಹೆಣ್ಣು ಇರುವುದು ಗೊತ್ತಿತ್ತು. ಸೊಪ್ಪಿಗೂ ಇರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಆಕೆ ನಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಆಗ ನನ್ನ ನಗು ನಿಂತಿತು.

ಆ ಬೀಜ ಪೇಟೆಯದಲ್ಲ. ಖಾಲಾ ಮದುವೆಯಾಗಿ ಮಸ್ಕಿಯಿಂದ ಸಿಂಧನೂರಿಗೆ ಬಂದಾಗ ಅವರಮ್ಮ ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟದ್ದು. ಅಂದಿನಿಂದ ಪ್ರತಿ ಚಳಿಗಾಲ ಹಾಕಿ, ಬೀಜ ಹಿಡಿದು, ಬೂದಿಯಲ್ಲಿ ಕಲಸಿ ಡಬ್ಬಿಯಲ್ಲಿ ಇಡುತ್ತಿದ್ದಳು. ಮುಳ್ಳಿನ ಬೀಜ, ಬರಿಗಾಲಲ್ಲಿ ತುಳಿದರೆ ಚುಚ್ಚುತ್ತದೆ. ಎಲೆ ಬಾಣದ ತುದಿಯ ಹಾಗೆ, ದಪ್ಪ. ಬೇಳೆಯಲ್ಲಿ ಬೇಯಿಸಿದರೆ ಕರಗಿ ಹೋಗುವುದಿಲ್ಲ. ಚಿಕ್ಕಂದಿನಿಂದ ಆ ಬೇಳೆ ನಮ್ಮ ಮನೆಗೂ ಬಟ್ಟಲಲ್ಲಿ ಬರುತ್ತಿತ್ತು.

ಎರಡು ವರ್ಷದ ಹಿಂದೆ ಆಕೆಯ ಮಗ ಹಿತ್ತಲಿಗೆ ಸಿಮೆಂಟ್ ಹಾಕಿಸಿದ. ಬೀಜ ಡಬ್ಬಿಯಲ್ಲೇ ಉಳಿಯಿತು. ಈ ಬೀಜ ಹೆಚ್ಚು ದಿನ ತಾಳುವುದಿಲ್ಲ. ಲಿಂಗಸುಗೂರಿನಲ್ಲಿರುವ ಮಗಳು ಹೊಸ ಮನೆ ಕಟ್ಟಿಸಿ, ಹಿತ್ತಲು ಬಿಟ್ಟು, ಬೀಜ ಕೇಳಿದ್ದಳು. ಹಳೆಯದನ್ನು ಕೊಟ್ಟರೆ ಹುಟ್ಟುತ್ತದೋ ಇಲ್ಲವೋ ಎಂದು ಖಾಲಾಗೆ ಹೆದರಿಕೆ. ದೀಪಾವಳಿ ಮುಗಿದ ಮೇಲೆ ಡಬ್ಬಿಯಲ್ಲಿದ್ದ ಒಂದು ಹಿಡಿಯನ್ನೆಲ್ಲ ನನ್ನ ಕೈಗೆ ಹಾಕಿದಳು.

"ಹೊಸಾ ಬೀಜ ಮಾಡಿ ಕೊಡು. ಸೊಪ್ಪು ನೀವ ತಿನ್ರಿ. ನನಗ ಬೀಜ ಸಾಕು."

ಹೂಂ ಎಂದೆ. ಒದ್ದೆ ಬಟ್ಟೆಯಲ್ಲಿ ಕಟ್ಟಿ ನೀರಿನ ಗಡಿಗೆಯ ಪಕ್ಕ ಎರಡು ದಿನ ಇಟ್ಟೆ. ಸವಳು ಮಣ್ಣಿನ ಮೇಲಿನ ಬಿಳಿ ಉಪ್ಪಿನ ಪದರ ಕೆರೆದು ತೆಗೆದು, ಗೊಬ್ಬರ ಹಾಕಿ ಮಡಿ ಮಾಡಿದೆ. ಅರ್ಧದಷ್ಟು ಹುಟ್ಟಿದವು. ಅಲ್ಲಿಯವರೆಗೆ ತಪ್ಪು ಮಾಡಿರಲಿಲ್ಲ.

ತಪ್ಪು ಎಲ್ಲಿಂದ ಬಂತು ಎಂದು ಆಮೇಲೆ ಯೋಚಿಸಿದೆ. ನನ್ನ ಕೂಲಿಯಿಂದಲೇ ಬಂತು. ಶಾಲೆ ಬಿಟ್ಟಾಗಿನಿಂದ ಜವಳಗೇರಾ ಕಡೆ ಬೀಜದ ಭತ್ತದ ಗದ್ದೆಗಳಲ್ಲಿ ಬೆರಕೆ ತೆಗೆಯುತ್ತೇನೆ. ಎಲ್ಲಕ್ಕಿಂತ ಎತ್ತರ ಬೆಳೆದದ್ದು, ಎಲ್ಲಕ್ಕಿಂತ ಮೊದಲು ತೆನೆ ಬಿಟ್ಟದ್ದು ಬೆರಕೆ, ಅಂದರೆ ಬೇರೆ ತಳಿಯದು. ಸಾಲು ಹಿಡಿದು ನಡೆಯಬೇಕು, ಕಂಡ ಕೂಡಲೇ ಬೇರು ಸಮೇತ ಕೀಳಬೇಕು. ಯಾಕೆ ಎಂದು ಕೇಳುವಂತಿಲ್ಲ. ನಾನು ಕೇಳಿಯೂ ಇರಲಿಲ್ಲ. ಸಂಕ್ರಾಂತಿ ಕಳೆದು ಬಿಸಿಲು ಏರಿದಾಗ ಪಾಲಕ್ ಮಡಿಯಲ್ಲಿ ಕೆಲವು ಗಿಡ ಸಣಕಲಾಗಿ, ಎಲೆ ಕಡಿಮೆಯಾಗಿ, ಉಳಿದವಕ್ಕಿಂತ ಮೊದಲೇ ಎದ್ದು ನಿಂತವು. ತಲೆಗಿಂತ ಮೊದಲು ಕೈ ಕೆಲಸ ಮಾಡಿತು.

ಅವ್ವನಿಗೆ ಹೇಳಿದೆ. ಆಕೆ ಬಡಿಸುತ್ತಿದ್ದ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ಅಕೀ ತವರಮನಿ ಬೀಜ ಹಾಳ ಮಾಡಿ ಉಣ್ಣಾಕ ಕುಂತಿಯೇನ್? ಏಳು. ಒಂದರ ಉಳದೈತೇನು ನೋಡು."

ಮಡಿಯೆಲ್ಲ ಹುಡುಕಿದೆ. ಒಂದೂ ಇರಲಿಲ್ಲ. ಕೆಲಸ ಅಷ್ಟು ಚೆನ್ನಾಗಿ ಮಾಡಿದ್ದೆ.

ಮೂರನೆಯ ದಿನ ಕೈಕಾಲು ತೊಳೆಯಲು ಬಚ್ಚಲಿನ ಹಿಂದೆ ಹೋದೆ. ಬೀಜ ಕಟ್ಟಿದ್ದ ಬಟ್ಟೆಯನ್ನು ನಾನು ಅಲ್ಲೇ ಝಾಡಿಸಿದ್ದೆ. ಬಟ್ಟೆಗೆ ಅಂಟಿದ್ದವು ಬಿದ್ದು ಮೂರು ಗಿಡ ಎದ್ದಿದ್ದವು. ಅವನ್ನು ಬೆಳೆ ಎಂದು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅದರಲ್ಲಿ ಒಂದು ಸಣಕಲು. ತುದಿಯಲ್ಲಿ ಎಲೆಯಿಲ್ಲ, ಹಸಿರು ಕಾಳಿನಂಥ ಹೂಗಳ ಗೊಂಚಲು. ಬೆರಳು ತಾಗಿಸಿದೆ, ಹಳದಿ ಹಿಟ್ಟು ಅಂಟಿತು.

"ಖಾಲಾ! ಇಲ್ಲಿ ಬಾ! ಗಂಡು ಸಿಕ್ಕೈತಿ!"

"ಮೆಲ್ಲಗ ಒದರಲೇ, ಓಣಿ ಮಂದಿ ಮದುವಿ ಐತಿ ಅಂತ ತಿಳ್ಕೋತಾರ."

ಬಂದು ಬಗ್ಗಿ ನೋಡಿದಳು. ಮೂರು ದಿನದಲ್ಲಿ ಅವತ್ತೇ ನನ್ನ ಜೊತೆ ಮಾತಾಡಿದ್ದು.

"ಕೀಳಬ್ಯಾಡ. ಮುಂಜಾನೆ ಇಬ್ಬನಿ ಆರಿದ ಮ್ಯಾಲ ಹಿಟ್ಟು ತಟ್ಟ್ಯಾಗ ಝಾಡಿಸು, ಒಯ್ದು ಹೆಣ್ಣಿನ ಮ್ಯಾಲ ಉದುರಿಸು. ದಿನಾ ಮಾಡು."

ದಿನಾ ಮಾಡಿದೆ. ಸ್ಟೀಲ್ ತಟ್ಟೆ ಹಿಡಿದು ಗಿಡದ ಮುಂದೆ ಕುಕ್ಕರಗಾಲಲ್ಲಿ ಕುಳಿತರೆ ಅವ್ವ ನಗುತ್ತಿದ್ದಳು. ಹತ್ತು ಹನ್ನೆರಡು ದಿನಕ್ಕೆ ಗಂಡು ಗಿಡ ಒಣಗಿತು. ಹೆಣ್ಣು ಗಿಡಗಳ ಎಲೆ ಬುಡದಲ್ಲಿ ಸಣ್ಣ ಮುಳ್ಳಿನ ಬೀಜ ಕಾಣಿಸಿಕೊಂಡವು, ಎಲ್ಲದರಲ್ಲಿ ಅಲ್ಲ.

ಗಿಡಗಳು ಹಳದಿಯಾದ ಮೇಲೆ ಕೊಯ್ದು, ಗೋಣಿ ಚೀಲದ ಮೇಲೆ ಒಣಗಿಸಿ, ಚಪ್ಪಲಿ ಹಾಕಿಕೊಂಡು ತುಳಿದೆ. ಖಾಲಾ ಪಾತ್ರೆಯ ನೀರಿಗೆ ಬೀಜ ಸುರಿದಳು. ಬಹಳಷ್ಟು ತೇಲಿದವು. ಅವು ಜೊಳ್ಳು. ಮುಳುಗಿದವನ್ನು ಬಟ್ಟೆಯ ಮೇಲೆ ಹರಡಿದಾಗ ಒಂದು ಹಿಡಿಯೂ ತುಂಬಲಿಲ್ಲ.

"ಸಾಕೇನು?" ಎಂದೆ.

"ಸಾಕೋ ಇಲ್ಲೋ, ಹುಟ್ಟಿದ್ರ ಸಾಕು. ಆದ್ರ ನೀನ ಹೋಗಿ ಹಾಕಿ ಬರಬೇಕು. ನನ್ನ ಮಗಳಿಗೂ ಗಂಡು ಹೆಣ್ಣು ತಿಳ್ಯಾಂಗಿಲ್ಲ. ಅಕೀನೂ ಕಿತ್ತು ಒಗದ್ರ ಮುಗದ ಹೋತು."

ಮುಂದಿನ ದೀಪಾವಳಿ ಆದ ಮೇಲೆ ಬಸ್ಸು ಹತ್ತಿ ಲಿಂಗಸುಗೂರಿಗೆ ಹೋದೆ. ಮಡಿ ಮಾಡಿ ಬೀಜ ಹಾಕಿದೆ. ಮಗಳು ಬಾಗಿಲಲ್ಲಿ ನಿಂತಿದ್ದಳು.

"ಅಕ್ಕಾ, ಬಿಸಲ ಹತ್ತಿದಾಗ ಸಣಕಲ ಗಿಡ ಏಳತಾವ. ಅವನ್ನ ಮುಟ್ಟಬ್ಯಾಡ್ರಿ."

"ಆಡಿಗೆ ಹಾಕಿದಾಂವ ನೀನ ಅಲ್ಲೇನು?"

"ನಾನ ರೀ."

ಆಕೆ ನಕ್ಕು ಚಹಾ ತಂದಳು.

ಜವಳಗೇರಾ ಗದ್ದೆಯಲ್ಲಿ ಈಗಲೂ ಬೆರಕೆ ತೆಗೆಯುತ್ತೇನೆ. ಅಲ್ಲಿ ತೆಗೆಯಲೇಬೇಕು. ಆದರೆ ಎತ್ತರದ ಗಿಡ ಕಂಡರೆ ಕೈ ಒಂದು ಗಳಿಗೆ ನಿಲ್ಲುತ್ತದೆ. ಹಿಂದಿನವನು ಬೈಯುತ್ತಾನೆ, ಕೀಳುತ್ತೇನೆ.

ಮೊನ್ನೆ ಲಿಂಗಸುಗೂರಿನಿಂದ ಫೋನ್ ಬಂತು. ಖಾಲಾ ಗೋಡೆಯ ಮೇಲಿಂದ ಕೂಗಿ ಹೇಳಿದಳು. ಹುಟ್ಟಿವೆಯಂತೆ. ಇಷ್ಟೇ. ಮತ್ತೆ ಹೇಳುವುದು ನನ್ನ ಹತ್ತಿರ ಏನೂ ಇಲ್ಲ.