ಅಪ್ಪನ ಮನೆಯ ದನಿ

ಗಂಟಲಿನ ಆಪರೇಷನ್ ಮಾಡಿ ಅಪ್ಪನ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಅದಾದ ಮೇಲೆ ಕಲ್ಯಾಣದುರ್ಗದ ನಮ್ಮ ಮನೆಗೆ ಸಂಶೋಧಕರು ಬಂದರು, ಬೆಂಗಳೂರಿನ ಒಂದು ಕಾಲೇಜಿನಿಂದ. ಮಾತಿನ ಶಬ್ದಗಳನ್ನು ಅಳೆಯುವ ಮೇಷ್ಟ್ರು ಒಬ್ಬರು, ಯಂತ್ರ ಕಟ್ಟುವ ಇಂಜಿನಿಯರ್ ಹುಡುಗಿ ಒಬ್ಬಳು. ಜೊತೆಗೆ ಮ್ಯಾನೇಜ್‌ಮೆಂಟ್ ಓದುತ್ತಿದ್ದ ಒಬ್ಬ. ಇಂಥದ್ದನ್ನು ಯಾರು ಕೊಳ್ಳುತ್ತಾರೆ ಎಂದು ಹುಡುಕುವುದು ಅವನ ಕೆಲಸ. ಒಂದೇ ಚಾಪೆಯ ಮೇಲೆ ಕೂತು ಮೂವರೂ ಬೇರೆ ಬೇರೆ ಪ್ರಶ್ನೆ ಕೇಳುತ್ತಿದ್ದರು. ಅಮ್ಮನಿಗೆ ಬೇಕಿದ್ದದ್ದು ಒಂದೇ: ಅಪ್ಪ ಮೊದಲಿನಂತೆ ಅವಳ ಜೊತೆ ಮಾತಾಡಬೇಕು.

ಅಂಗೈಯಷ್ಟಗಲದ ಯಂತ್ರ. ಅಕ್ಷರ ಒತ್ತಿದರೆ ಅದು ಅಪ್ಪನ ದನಿಯಲ್ಲೇ ಓದಬೇಕು, ಅದು ಅವರ ಪ್ರಯೋಗ. ಅದಕ್ಕೆ ಹಳೆಯ ರೆಕಾರ್ಡಿಂಗ್ ಬೇಕು. ಸಿಕ್ಕಿದ್ದೆಲ್ಲ ಹಿಂದೂಪುರದ ಮಾರ್ಕೆಟ್‌ನಲ್ಲಿ ಯಾರ್ಯಾರೋ ಮೊಬೈಲಿನಲ್ಲಿ ಹಿಡಿದದ್ದು. ಅಪ್ಪ ಅಲ್ಲಿ ಹುಣಸೆಹಣ್ಣಿನ ಹರಾಜು ಕೂಗುತ್ತಿದ್ದರು. ವಾರವೆಲ್ಲ ತೆಲುಗಿನಲ್ಲಿ ಕೂಗಿ, ಶನಿವಾರ ಬಸ್ಸು ಹತ್ತಿ ಬಂದು, ಮನೆಯಲ್ಲಿ ಕನ್ನಡದಲ್ಲಿ ಮೆಲ್ಲಗೆ ಮಾತಾಡುವವರು. ಆ ಮೆಲ್ಲಗಿನ ಮಾತನ್ನು ಯಾರೂ ಹಿಡಿದಿಟ್ಟಿರಲಿಲ್ಲ. ನಿತ್ಯ ಕಿವಿಗೆ ಬೀಳುವುದನ್ನು ಯಾರು ರೆಕಾರ್ಡ್ ಮಾಡುತ್ತಾರೆ?

ಹಾಗಾಗಿ ಮೊದಲ ಸಲ ಅಪ್ಪ ‘ಊಟ ಆಯ್ತಾ’ ಎಂದು ಒತ್ತಿದಾಗ, ಯಂತ್ರ ಮಂಡಿಯ ವ್ಯಾಪಾರಿಗಳನ್ನೆಲ್ಲ ಕರೆಯುವ ಹಾಗೆ ಕೊನೆಯಕ್ಷರ ಎಳೆದು ಅರಚಿತು.

“ಏನ್ರೀ, ನನ್ನೇ ಹರಾಜಿಗಿಟ್ಬುಟ್ರಾ?” ಅಂದಳು ಅಮ್ಮ.

ಅಪ್ಪ ನಗುತ್ತಾ ಮತ್ತೆ ಒತ್ತಿದರು. ಒಂದನೇ ಸಲ, ಎರಡನೇ ಸಲ ಎಂದು ಯಂತ್ರ ತೆಲುಗಿನಲ್ಲೇ ಹರಾಜು ಕೂಗಿತು: “ಒಕಟೋ ಸಾರಿ! ರೆಂಡೋ ಸಾರಿ!”

“ಯಾರೂ ತಕಳಲ್ಲ ಬುಡ್ರಿ, ಹಳೇ ಮಾಲು.”

ಮೇಷ್ಟ್ರೂ ನಕ್ಕರು. ಮುಂದಿನ ಸಲ ಮೂರು ಬಗೆಯ ಮೆಲುದನಿ ತಯಾರಿಸಿ ತಂದರು. ಮನೆಯ ದನಿಗೆ ಯಾವುದು ಹತ್ತಿರವೋ ನಾವು ಹೇಳಬೇಕು.

ನಾನು ಸಂಖ್ಯಾಶಾಸ್ತ್ರ ಓದಿದವನು. ಪುರಾವೆ ಇಲ್ಲದ ಮಾತನ್ನು ನಂಬುವುದಿಲ್ಲ ಎಂದು ಜಗಳವಾಡಿಕೊಂಡೇ ಬೆಳೆದೆ. ಆದರೆ ಅಪ್ಪನ ದನಿ ನನಗೆ ನೆನಪಿದೆ ಎನ್ನುವುದಕ್ಕೆ ಪುರಾವೆ ಬೇಕಾದೀತು ಎಂದುಕೊಂಡಿರಲಿಲ್ಲ. ಕಣ್ಣು ಮುಚ್ಚಿ ಕೇಳಿದೆ. ಒಂದಕ್ಕೆ ‘ಇದೇ’ ಅಂದೆ. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದಕ್ಕೆ ‘ಇದಲ್ಲವೇ ಅಲ್ಲ’ ಅಂದೆ. ಎರಡು ಸಲವೂ ಕೇಳಿಸಿದ್ದು ಒಂದೇ ಎಂದು ಮೇಷ್ಟ್ರು ಸಂಕೋಚದಿಂದಲೇ ಹೇಳಿದರು. ಅಮ್ಮ ಮೂರನ್ನೂ ಬೇಡವೆಂದಳು. ಅಪ್ಪ ಸುಮ್ಮನೆ ಕೈ ಆಡಿಸಿದರು. ತಮ್ಮ ದನಿಯನ್ನು ಹೊರಗಿನಿಂದ ಅವರು ಕೇಳಿದ್ದಾದರೂ ಯಾವಾಗ?

ಫೋನಿನಲ್ಲಿ ನನ್ನ ಮಾತು ಕೇಳಿ ಅಪ್ಪನೇ ಎಂದುಕೊಳ್ಳುವ ನೆಂಟರಿದ್ದರು. ಇದು ಗೊತ್ತಾದಾಗ ಇಂಜಿನಿಯರ್ ಹುಡುಗಿಗೆ ಹೊಸ ದಾರಿ ಹೊಳೆಯಿತು. ನನ್ನನ್ನು ದಿನವಿಡೀ ಮಾತಾಡಿಸಿ, ಆ ಮಾತನ್ನು ಅಪ್ಪನ ಕೂಗಿನ ಜೊತೆ ಬೆರೆಸಿದರು. ತುಂಬಾ ಚೆನ್ನಾಗಿ ಬಂತು. “ಇದು ಮಾರ್ಕೆಟ್ಟಲ್ಲಿ ಹೋಗುತ್ತೆ ಸಾರ್, ಖಂಡಿತ ಹೋಗುತ್ತೆ” ಎಂದ ಮ್ಯಾನೇಜ್‌ಮೆಂಟ್ ಹುಡುಗ. ಅಮ್ಮ ಆಗ ಸೋಮಂದೇಪಲ್ಲಿಗೆ, ನನ್ನ ಅಕ್ಕನ ಮನೆಗೆ ಹೋಗಿದ್ದಳು. ವಾಪಸ್ ಬಂದಾಗ ಕೇಳಿಸಿ ಬೆರಗುಗೊಳಿಸೋಣ ಎಂದು ಅಪ್ಪ ಕೈಸನ್ನೆಯಲ್ಲೇ ತೀರ್ಮಾನಿಸಿದರು.

ಅಮ್ಮ ಬಂದವಳೇ ಹಿತ್ತಲಲ್ಲಿ ಬಟ್ಟೆ ಒಗೆಯಲು ಕೂತಳು. ಅಪ್ಪ ನನಗೆ ಕಣ್ಣು ಮಿಟುಕಿಸಿ ಒತ್ತಿದರು.

“ಒಂದು ಲೋಟ ನೀರು ಬೇಕಿತ್ತು,” ಎಂದಿತು ಯಂತ್ರ, ಮೆಲ್ಲಗೆ, ಹಿತ್ತಲಿಗೆ ಕೇಳುವಷ್ಟು.

“ಕೈಕಾಲಿಲ್ವೇನ್ಲಾ ನಿಂಗೆ? ನೀನೂ ಕುಡ್ದು ನಿಮ್ಮಪ್ಪಂಗೂ ಒಂದು ಲೋಟ ಕೊಡು, ಹೋಗು!”

ಅಪ್ಪನ ಬೆರಳು ಗುಂಡಿಯ ಮೇಲೇ ನಿಂತಿತು. ಅವರ ಮುಖ ಆಗ ಹೇಗಿತ್ತೆಂದು ಬರೆಯಲಾರೆ. ನೋಡಿದೆನೋ, ನೋಡದೆ ತಲೆ ತಗ್ಗಿಸಿದೆನೋ, ಈಗ ಖಚಿತವಿಲ್ಲ. ಅವತ್ತಿನಿಂದ ಅಪ್ಪನ ಹಳೆಯ ಮಾತನ್ನು ನೆನೆಯಲು ಹೋದರೆ ನನ್ನದೇ ದನಿ ಕೇಳುತ್ತದೆ ಎನ್ನುವುದು ಮಾತ್ರ ಖಚಿತ.

ಅಮ್ಮ ಒದ್ದೆ ಕೈಯಲ್ಲೇ ಒಳಗೆ ಬಂದಳು. ಅಪ್ಪನ ತೊಡೆಯ ಮೇಲಿದ್ದ ಯಂತ್ರ ಕಂಡು ನಿಂತಳು.

“ಅಯ್ಯೋ, ನೀವಾ?”

“ಅಲ್ಲ ಕಣಮ್ಮ, ನಾನೇ ಕೇಳಿದ್ದು,” ಅಂದೆ.

ಅಪ್ಪ ಹೌದೆಂದು ತಲೆಯಾಡಿಸಿದರು.

ಅಮ್ಮ ಇಬ್ಬರನ್ನೂ ನೋಡಿದಳು. ಅಡುಗೆಮನೆಗೆ ಹೋಗಿ ಎರಡು ಲೋಟ ನೀರು ತಂದಳು. ಮೊದಲು ನನಗೆ ಕೊಟ್ಟಳು.